ಖಾಲಿಯಾಗದ ಡಬ್ಬಿ

2011ರಲ್ಲಿ ನಾನು ಬಿಡದಿಯ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಒಂದೊಂದು ಭಾಗಕ್ಕೂ ಎರಡು ನೀಲಿ ಡಬ್ಬಿ, ಡಬ್ಬಿಗೊಂದು ಕಾರ್ಡು. ಮುಂದಿನ ಡಬ್ಬಿ ಬರಿದಾದರೆ ಅದರ ಕಾರ್ಡು ಹಿಂದಕ್ಕೆ ಹೋಗುತ್ತದೆ, ಆಗಷ್ಟೇ ಹೊಸ ಮಾಲು ಬರುತ್ತದೆ. ಜಪಾನಿನಿಂದ ಬಂದ ಈ ಪದ್ಧತಿಗೆ ಕಾನ್‌ಬಾನ್ ಅಂತ ಹೆಸರು. ಗೋದಾಮಿನಲ್ಲಿ ಮಾಲು ಕೊಳೆಯುವುದಿಲ್ಲ, ದುಡ್ಡು ಸಿಕ್ಕಿಹಾಕಿಕೊಳ್ಳುವುದಿಲ್ಲ. ಈ ಶಿಸ್ತು ನನಗೆ ಆಗಲೂ ಇಷ್ಟ, ಈಗಲೂ ಇಷ್ಟ.

ಆ ವರ್ಷ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಯಲ್ಲಿ 9.0 ತೀವ್ರತೆಯ ಭೂಕಂಪವಾಯಿತು, ಬೆನ್ನಿಗೇ ಸುನಾಮಿ. ಸಾವಿರಾರು ಜನ ಕೊಚ್ಚಿಹೋದ ಆ ದಿನ ಇಬರಾಕಿ ಪ್ರಾಂತ್ಯದಲ್ಲಿ ರೆನೆಸಾಸ್ ಕಂಪನಿಯ ನಾಕಾ ಕಾರ್ಖಾನೆಯೂ ಸ್ತಬ್ಧವಾಯಿತು. ಎಂಜಿನ್ನಿಗೆ ಎಷ್ಟು ಇಂಧನ ಬಿಡಬೇಕು, ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕು ಎಂದು ತೀರ್ಮಾನಿಸುವ ಪುಟ್ಟ ಚಿಪ್‌ಗಳು ಅಲ್ಲಿ ತಯಾರಾಗುತ್ತಿದ್ದವು. ಬೇರೆಬೇರೆ ಕಾರು ಕಂಪನಿಗಳು ಕಳಿಸಿದ ಎಂಜಿನಿಯರುಗಳೂ ಸೇರಿ ಹಗಲುರಾತ್ರಿ ದುಡಿದ ಮೇಲೆ ಜೂನ್‌ನಲ್ಲಿ ಉತ್ಪಾದನೆ ಮತ್ತೆ ಶುರುವಾಯಿತು. ಬಣ್ಣಕ್ಕೂ ಅದೇ ಗತಿ. ಕಾರಿನ ಮೈಗೆ ಮಿನುಗು ಕೊಡುವ ಕ್ಸಿರಾಲಿಕ್ ಎಂಬ ಪುಡಿಯನ್ನು ಜಗತ್ತಿಗೆಲ್ಲ ಒದಗಿಸುತ್ತಿದ್ದದ್ದು ಫುಕುಶಿಮಾದ ಒನಹಾಮಾದಲ್ಲಿದ್ದ ಒಂದೇ ಘಟಕ. ಅದು ಮುಚ್ಚಿದ್ದಕ್ಕೆ ದೂರದ ಅಮೆರಿಕದಲ್ಲಿ ಫೋರ್ಡ್ ಕಂಪನಿ ಒಂದು ಬಗೆಯ ಕಪ್ಪು ಬಣ್ಣದ ಕಾರಿಗೆ ಆರ್ಡರ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು.

ಏಪ್ರಿಲ್ ಕೊನೆಯ ಹೊತ್ತಿಗೆ ಅದರ ಬಿಸಿ ಬಿಡದಿಗೂ ತಟ್ಟಿತು. ಜಪಾನಿನ ಭಾಗಗಳು ಸಾಲದೆ, ನಮ್ಮ ಮಾಲು ಕೊಳ್ಳುತ್ತಿದ್ದ ಟೊಯೋಟಾ ಕಿರ್ಲೋಸ್ಕರ್ ಉತ್ಪಾದನೆ ಇಳಿಸಿತು. ನಮ್ಮಲ್ಲಿ ಮಾಲಿಗೇನೂ ಕೊರತೆ ಇರಲಿಲ್ಲ. ಡಬ್ಬಿಗಳೆಲ್ಲ ತುಂಬಿಕೊಂಡೇ ಕೂತಿದ್ದವು, ಕಾರ್ಡು ಮಾತ್ರ ವಾಪಸ್ ಬರುತ್ತಿರಲಿಲ್ಲ. ನೈಟ್ ಶಿಫ್ಟ್ ನಿಂತಿತು. ಮಾಗಡಿ ಕಡೆಯ ಗುತ್ತಿಗೆ ಹುಡುಗನೊಬ್ಬ ದಿನಾ ಸಂಜೆ ಗೇಟಿನ ಹತ್ತಿರ ಕಾದು ನಿಂತು, "ನಾಳೆ ಬರ್ಲಾ ಸಾರ್?" ಅಂತ ಕೇಳುತ್ತಿದ್ದ. ನನಗೆ ಉತ್ತರ ಗೊತ್ತಿರುತ್ತಿರಲಿಲ್ಲ.

ಅದೇ ವರ್ಷದ ಕೊನೆಯಲ್ಲಿ ಥಾಯ್ಲೆಂಡಿನ ಅಯುತ್ಥಾಯದಲ್ಲಿ ಹೋಂಡಾ ಕಾರ್ಖಾನೆ ನೆರೆಯಲ್ಲಿ ಮುಳುಗಿತು. ನೀರು ಕುಡಿದ 1,055 ಹೊಸ ಕಾರುಗಳನ್ನು ಗುಜರಿ ಮಾಡಬೇಕಾಯಿತು. 2015ರ ಡಿಸೆಂಬರಿನ ಮಳೆಗೆ ಚೆನ್ನೈನ ಕಾರು ಕಾರ್ಖಾನೆಗಳು ನಿಂತವು.

ಪಾಠ ಕಲಿತವರಿದ್ದಾರೆ. ಟೊಯೋಟಾ ತನಗೆ ಸರಬರಾಜು ಮಾಡುವವರ ಹಿಂದೆ ಯಾರಿದ್ದಾರೆ, ಅವರ ಹಿಂದೆ ಯಾರಿದ್ದಾರೆ ಎಂದು ಜಾಡು ಹಿಡಿದು ಪಟ್ಟಿ ಮಾಡಿತು, ಚಿಪ್‌ಗಳನ್ನು ಎರಡರಿಂದ ಆರು ತಿಂಗಳಿಗಾಗುವಷ್ಟು ದಾಸ್ತಾನು ಇಡುವಂತೆ ಅವರಿಗೆ ಹೇಳಿತು. 2021ರ ಆರಂಭದಲ್ಲಿ ಚಿಪ್ ಬರ ಬಂದಾಗ ಅದು ಉಳಿದವರಿಗಿಂತ ಹೆಚ್ಚು ಕಾಲ ತಡೆದುಕೊಂಡಿತು. ಎಲೆಕ್ಟ್ರಿಕ್ ಕಾರಿಗೆ ಚಿಪ್ ಇನ್ನೂ ಹೆಚ್ಚು ಬೇಕು. ಆದ್ದರಿಂದ ಎಲ್ಲಕ್ಕೂ ಬೇಡ, ಬೇರೆಲ್ಲೂ ಸಿಗದ ನಾಲ್ಕಾರು ಭಾಗಗಳಿಗಾದರೂ ಮೂರನೆಯ ಡಬ್ಬಿ ಇಡಲೇಬೇಕು ಅನ್ನುತ್ತೇನೆ. ಅದಕ್ಕೆ ತಗಲುವ ಖರ್ಚಿನ ಲೆಕ್ಕ ಹಾಕುವಾಗ ಗೇಟಿನಿಂದ ವಾಪಸ್ ಹೋದವರ ಕೂಲಿಯನ್ನೂ ಸೇರಿಸಿಕೊಳ್ಳಬೇಕು. ನಮ್ಮ ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.