ಯಾರ ಮೇಲೆ ಈ ದೂರು?

ಸಂಜೆಯ ಹೊತ್ತಿನಲ್ಲಿ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಲಿನ ಬೀದಿಗಳಲ್ಲಿ ನಡೆದಾಡಿದವರಿಗೆ ಈ ಅನುಭವ ಹೊಸದಲ್ಲ. ಒಂದು ಅಂಗಡಿಯಿಂದ ತಮಿಳು, ಇನ್ನೊಂದರಿಂದ ಕನ್ನಡ, ಮತ್ತೊಂದರಿಂದ ಉರ್ದು, ಹೀಗೆ ಹಾಡುಗಳು ಒಂದರ ಮೇಲೊಂದು ಬಿದ್ದು ಕಿವಿಯನ್ನು ತುಂಬುತ್ತವೆ. ಆ ಗದ್ದಲದ ನಡುವೆ ಎಂದಾದರೊಮ್ಮೆ ಗೀತಾ ದತ್ತರ ಕಂಠ ತೇಲಿಬಂದರೆ ಕಾಲುಗಳು ತಾವಾಗಿಯೇ ನಿಧಾನವಾಗುತ್ತವೆ. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಆ ವಿರಹಗೀತೆಯನ್ನು ಕೇಳದವರು ವಿರಳ. ಅದರ ಅರ್ಥವನ್ನು ವಿಚಾರಿಸಿದವರು ಇನ್ನೂ ವಿರಳ.

ಈಚೆಗೆ ಒಂದು ರಾತ್ರಿ ಅದೇ ಹಾಡು ನಮ್ಮ ಮನೆಯಲ್ಲಿ ಕೇಳಿಬಂದಾಗ ಅಕ್ಕನ ಮಗಳು, “ಮಾಮ, ಇದರಲ್ಲಿ ಯಾರು ಯಾರಿಗೆ ಮೋಸ ಮಾಡಿದರು?” ಎಂದು ಕೇಳಿದಳು. ನಿಶ್ಚಯವಾಗಿದ್ದ ಅವಳ ಮದುವೆ ಮುರಿದುಬಿದ್ದು ಆರು ತಿಂಗಳಾಗಿತ್ತು. ಆ ಪ್ರಶ್ನೆ ಕೇವಲ ಹಾಡನ್ನು ಕುರಿತದ್ದಲ್ಲವೆಂಬುದು ಮನೆಯವರೆಲ್ಲರಿಗೂ ತಿಳಿದಿತ್ತು. ಥಟ್ಟನೆ ಉತ್ತರ ಹೇಳಲು ನನಗೆ ಸಾಧ್ಯವಾಗಲಿಲ್ಲ.

ಚಿತ್ರದ ನಿರ್ದೇಶಕ ಗುರುದತ್ತರು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿಯೇ, 1925ರ ಜುಲೈ 9ರಂದು. ಅವರ ತಾಯಿ ವಾಸಂತಿ ಪಡುಕೋಣೆಯವರು ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ಮೈಸೂರಿನವರು; ಬೆಂಗಳೂರಿನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. ಹಾಡನ್ನು ಬರೆದವರು ಉರ್ದು ಕವಿ ಕೈಫಿ ಆಜ್ಮಿ. ರಾಗ ಸಂಯೋಜನೆ ಎಸ್. ಡಿ. ಬರ್ಮನ್ ಅವರದು. ಹಾಡಿದ ಗೀತಾ ದತ್ತರು ನಿರ್ದೇಶಕರ ಪತ್ನಿ.

ಉರ್ದುವಿನ ಅರೆಜ್ಞಾನವನ್ನು ನೆಚ್ಚಿಕೊಳ್ಳಲಾರದೆ, ನಾನು ಶಿವಾಜಿನಗರದಲ್ಲಿ ರಫೂ ಕೆಲಸ ಮಾಡುವ ಪರಿಚಿತ ಹಿರಿಯರೊಬ್ಬರ ಬಳಿಗೆ ಹೋದೆ. ಪಲ್ಲವಿಯಲ್ಲಿ ಬರುವ ‘ಸಿತಮ್’ ಎಂಬ ಮಾತಿಗೆ ಕ್ರೌರ್ಯವೆಂದಷ್ಟೇ ಅರ್ಥವೆ ಎಂದು ಕೇಳಿದೆ. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, “ನೋಡಿ ಸಾರ್, ಹಗೆಯವನು ಮಾಡಿದರೆ ಅದು ಜುಲುಮ್. ಪ್ರೀತಿ ಇರೋ ಕಡೆಯಿಂದ ಬಂದರೆ ಸಿತಮ್” ಎಂದರು.

ಅವರ ಮಾತು ನಿಘಂಟಿನದಲ್ಲ, ಗಜಲುಗಳನ್ನು ಕೇಳಿ ಬೆಳೆದವರದು. ಪ್ರೇಯಸಿಯನ್ನೇ ‘ಸಿತಮ್‌ಗರ್’, ಎಂದರೆ ಹಿಂಸೆ ಕೊಡುವವಳು, ಎಂದು ಕರೆಯುವುದು ಗಜಲಿನ ವಾಡಿಕೆ. ಇಲ್ಲಿ ಕವಿ ಆ ಹಳೆಯ ದೂರನ್ನು ಪ್ರೇಯಸಿಯ ಮೇಲಿಂದ ತೆಗೆದು ಕಾಲದ ಮೇಲೆ ಹೊರಿಸಿದ್ದಾರೆ. ಅಷ್ಟೇ ಅಲ್ಲ, ಆ ಹಿಂಸೆಯನ್ನು ಸುಂದರವೆಂದೂ ಕರೆದಿದ್ದಾರೆ. ಕನ್ನಡದಲ್ಲಿ ಕಾಲನೆಂದರೆ ಯಮನೂ ಹೌದು. ಆದುದರಿಂದ ಈ ದೂರಿನ ತೀವ್ರತೆ ನಮ್ಮ ಕಿವಿಗೆ ಇನ್ನಷ್ಟು ತಟ್ಟಬೇಕು. ನೀನು ನನ್ನನ್ನು ತೊರೆದೆ ಎಂದು ಈ ಹಾಡಿನಲ್ಲಿ ಎಲ್ಲಿಯೂ ಹೇಳಿಲ್ಲ. ಇಬ್ಬರೂ ಮೊದಲಿನವರಾಗಿ ಉಳಿಯಲಿಲ್ಲವೆಂಬುದೇ ಅದರ ಅಳಲು.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದುಂಟು. ಚಿತ್ರದಲ್ಲಿ ಈ ಹಾಡು ಬರುವುದು ಅಗಲಿಕೆಯ ನಂತರವಲ್ಲ, ಅದಕ್ಕೂ ಮುಂಚೆ! ನಿರ್ದೇಶಕ ಸುರೇಶ್ ಸಿನ್ಹಾ, ಅವನೇ ಬೆಳಕಿಗೆ ತಂದ ನಟಿ ಶಾಂತಿ, ಇಬ್ಬರೂ ಬರಿದಾದ ಸ್ಟುಡಿಯೋದಲ್ಲಿ ಎದುರಾಗುತ್ತಾರೆ. ಆತನಿಗೆ ದೂರವಾದ ಹೆಂಡತಿಯಿದ್ದಾಳೆ, ಮಗಳಿದ್ದಾಳೆ. ಪ್ರೀತಿ ಅರಿವಿಗೆ ಬಂದ ಗಳಿಗೆಯಲ್ಲಿಯೇ ಅದಕ್ಕೆ ದಾರಿಯಿಲ್ಲವೆಂಬುದೂ ಅರಿವಿಗೆ ಬರುತ್ತದೆ. ಚರಣಗಳು ಹೇಳುವುದೂ ಇದನ್ನೇ: ಹೊರಟದ್ದಾಗಿದೆ, ಹೋಗಬೇಕಾದ ಊರು ಮಾತ್ರ ತಿಳಿಯದು, ಆದರೂ ಹೃದಯಗಳು ಕನಸು ನೇಯುವುದನ್ನು ಬಿಡವು. ‘ಬುನ್‌ನಾ’ ಎಂದರೆ ನೇಯುವುದೂ ಹೌದು, ಹೆಣೆಯುವುದೂ ಹೌದು. ಹಾಡಿಗೆ ಮುನ್ನ ಶಾಂತಿಯ ಕೈಯಲ್ಲಿ ಇರುವುದು ಸುರೇಶನಿಗಾಗಿ ಹೆಣೆಯುತ್ತಿರುವ ಸ್ವೆಟರು.

ಇಬ್ಬರ ತುಟಿಗಳೂ ಅಲುಗುವುದಿಲ್ಲ; ಹಾಡು ಹಿನ್ನೆಲೆಯಿಂದ ಬರುತ್ತದೆ. ಮೂರ್ತಿಯವರು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಹಿಡಿದು ಒಳಕ್ಕೆ ಹಾಯಿಸಿದರು. ಧೂಳು ತೇಲುವ ಆ ಬೆಳಕಿನ ಕೋಲಿನಲ್ಲಿ ಇಬ್ಬರ ಛಾಯೆಗಳು ದೇಹಗಳನ್ನು ಬಿಟ್ಟು ಬಂದು ಸೇರುತ್ತವೆ. ದೇಹಗಳು ನಿಂತಲ್ಲಿಯೇ ನಿಂತಿರುತ್ತವೆ. ಹಾಡಿಗೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕೆ?

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದರೂ ಅಂದಿನ ಪ್ರೇಕ್ಷಕರು ಅದನ್ನು ಮೆಚ್ಚಲಿಲ್ಲ. ಗುರುದತ್ತರು ಮತ್ತೆ ಯಾವ ಚಿತ್ರಕ್ಕೂ ನಿರ್ದೇಶಕರೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. 1964ರ ಅಕ್ಟೋಬರ್ 10ರಂದು, 39ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಗೀತಾ ದತ್ತರು 1972ರಲ್ಲಿ ಅಗಲಿದರು. ಮೂರ್ತಿಯವರಿಗೆ 2008ನೆಯ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಿತು; ಅದನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ. 2014ರಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ಅಂದು ಸೋತ ಚಿತ್ರವನ್ನು ಅನಂತರದ ತಲೆಮಾರುಗಳು ಶ್ರೇಷ್ಠವೆಂದು ಎತ್ತಿಹಿಡಿದವು. ಕಾಲ ಕಸಿದದ್ದೂ ಉಂಟು, ಕೊಟ್ಟದ್ದೂ ಉಂಟು.

ಇಷ್ಟನ್ನೂ ಅಕ್ಕನ ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಯಾರ ತಪ್ಪೂ ಇಲ್ಲವೆ ಮಾಮ? ಎಲ್ಲ ಕಾಲದ ತಲೆಗೆ ಕಟ್ಟಿಬಿಟ್ಟರೆ ಆಯಿತೆ?” ಎಂದಳು.

ಪ್ರಶ್ನೆ ನ್ಯಾಯವಾದುದು. ಸುರೇಶನ ಬಾಳು ಹಾಳಾದದ್ದರಲ್ಲಿ ಕುಡಿತದ ಪಾಲೂ ಇತ್ತು, ಅಭಿಮಾನದ ಪಾಲೂ ಇತ್ತು. ಹಾಡು ಅದನ್ನು ಮುಚ್ಚಿಡಲಾರದು. ಮಾತು ಕೊಟ್ಟು ತಪ್ಪಿದವನಿಗೆ ಕಾಲದ ನೆಪ ಹೇಳುವ ಹಕ್ಕಿಲ್ಲ. ಆದರೆ ಬೇರೆಯಾದವರೆಲ್ಲರೂ ಮೋಸಗಾರರಲ್ಲ. ಅಗಲಿದ್ದರಿಂದ ಹಿಂದಿನ ಪ್ರೀತಿ ಸುಳ್ಳಾಗುವುದೂ ಇಲ್ಲ. ತಪ್ಪಿತಸ್ಥರು ಸಿಗದ ದುಃಖವೂ ದುಃಖವೇ ಎಂದು ಒಪ್ಪಿಕೊಳ್ಳುವ ಹಾಡುಗಳು ಕಡಿಮೆ. ಇದು ಅವುಗಳಲ್ಲಿ ಒಂದು.

“ನಿನ್ನದು ಯಾವ ಬಗೆಯದೋ, ಅದು ನಿನಗೇ ಗೊತ್ತು ಮಗೂ” ಎಂದೆ. ಅವಳು ಉತ್ತರ ಕೊಡಲಿಲ್ಲ. ಆದರೆ ಆ ರಾತ್ರಿ ಅವಳ ಕೋಣೆಯಿಂದ ಅದೇ ಹಾಡು ಇನ್ನೊಮ್ಮೆ ಕೇಳಿಸಿತು. ಅಕ್ಕ ಬಾಗಿಲು ತಟ್ಟಲು ಹೊರಟವಳು, ಏನನ್ನಿಸಿತೋ, ಹಿಂದಿರುಗಿ ಬಂದಳು.