ನೇರ ಒತ್ತುವಿಕೆಯ ಮಾತ್ರೆಗಳಲ್ಲಿ ಭರ್ತಿ ಪದಾರ್ಥಗಳ ಆಯ್ಕೆ

ಔಷಧದ ಪುಡಿಯನ್ನು ನೀರು ಅಥವಾ ಅಂಟಿನೊಡನೆ ಕಲಸದೆ, ಒಣಗಿದ ಸ್ಥಿತಿಯಲ್ಲಿಯೇ ಇತರ ಪುಡಿಗಳೊಡನೆ ಬೆರೆಸಿ ಯಂತ್ರದಲ್ಲಿ ಒತ್ತಿ ಮಾತ್ರೆ ಮಾಡುವ ವಿಧಾನವೇ ನೇರ ಒತ್ತುವಿಕೆ ಅಥವಾ ಡೈರೆಕ್ಟ್ ಕಂಪ್ರೆಷನ್. ಔಷಧವು ಕೆಲವೇ ಮಿಲಿಗ್ರಾಂಗಳಷ್ಟಿರುವಾಗ ಮಾತ್ರೆಗೆ ತಕ್ಕ ಗಾತ್ರ ನೀಡಲು ಸೇರಿಸುವ ಪದಾರ್ಥವನ್ನು ಭರ್ತಿ ಪದಾರ್ಥ ಅಥವಾ ಫಿಲ್ಲರ್ ಎನ್ನುತ್ತಾರೆ. ತೇವ ಮತ್ತು ಶಾಖವನ್ನು ತಾಳದ ಔಷಧಗಳಿಗೆ ಈ ವಿಧಾನ ಅನುಕೂಲಕರವಾಗಿದೆ. ಆದರೆ ಪುಡಿಯ ದೋಷಗಳನ್ನು ನಡುವೆ ಸರಿಪಡಿಸುವ ಹಂತ ಇಲ್ಲದ ಕಾರಣ, ಭರ್ತಿ ಪದಾರ್ಥದ ಆಯ್ಕೆಯೇ ನಿರ್ಣಾಯಕವಾಗುತ್ತದೆ.

ಅಗತ್ಯ ಗುಣಗಳು

ಯಂತ್ರದ ಅಚ್ಚು ಪುಡಿಯನ್ನು ತೂಕದಿಂದಲ್ಲ, ಗಾತ್ರದಿಂದ ಅಳೆಯುತ್ತದೆ. ಪುಡಿ ಸರಾಗವಾಗಿ ಹರಿಯದಿದ್ದರೆ ಮಾತ್ರೆಗಳ ತೂಕದಲ್ಲಿ, ಅದರೊಡನೆ ಔಷಧದ ಪ್ರಮಾಣದಲ್ಲಿಯೂ ಏರುಪೇರಾಗುತ್ತದೆ. ಭಾರತೀಯ ಫಾರ್ಮಕೋಪಿಯಾದ ಪ್ರಕಾರ, 250 ಮಿಲಿಗ್ರಾಂ ಹಾಗೂ ಅದಕ್ಕೂ ಹೆಚ್ಚು ತೂಕದ ಲೇಪನರಹಿತ ಮಾತ್ರೆಗಳ ತೂಕ ವ್ಯತ್ಯಾಸದ ಮಿತಿ ಶೇ. 5, ಪರೀಕ್ಷಿಸಿದ 20 ಮಾತ್ರೆಗಳಲ್ಲಿ ಎರಡಕ್ಕಿಂತ ಹೆಚ್ಚು ಈ ಮಿತಿಯನ್ನು ಮೀರುವಂತಿಲ್ಲ. ಇದಲ್ಲದೆ ಪುಡಿಯು ಒತ್ತಿದಾಗ ಗಟ್ಟಿಯಾಗಿ ಕೂಡಿಕೊಳ್ಳಬೇಕು ಮತ್ತು ಔಷಧದೊಡನೆ ವರ್ತಿಸಬಾರದು.

ಪ್ರಮುಖ ಪದಾರ್ಥಗಳು

ಮರದ ತಿರುಳಿನಿಂದ ತಯಾರಿಸುವ ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ ಕಡಿಮೆ ಒತ್ತಡದಲ್ಲಿಯೇ ಗಟ್ಟಿ ಮಾತ್ರೆ ನೀಡುತ್ತದೆ. ಆದರೆ ಜಾರುಕವಾದ ಮೆಗ್ನೀಸಿಯಂ ಸ್ಟಿಯರೇಟನ್ನು ಅದರೊಡನೆ ಹೆಚ್ಚು ಹೊತ್ತು ಬೆರೆಸಿದರೆ ಮಾತ್ರೆ ಮೆದುವಾಗುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಬಿಸಿಗಾಳಿಯಲ್ಲಿ ತುಂತುರಾಗಿ ಒಣಗಿಸಿದರೆ ಅದು ಚೆನ್ನಾಗಿ ಹರಿಯುತ್ತದೆ. ಅಮೈನ್ ಗುಂಪುಳ್ಳ ಕೆಲವು ಔಷಧಗಳೊಡನೆ ಅದು ವರ್ತಿಸಿ ಕಂದು ಬಣ್ಣ ತಾಳುತ್ತದೆ. ಡೈಬೇಸಿಕ್ ಕ್ಯಾಲ್ಸಿಯಂ ಫಾಸ್ಫೇಟ್ ಸರಾಗವಾಗಿ ಹರಿಯುತ್ತದೆಯಾದರೂ ನೀರಿನಲ್ಲಿ ಕರಗುವುದಿಲ್ಲ. ಕ್ಯಾಲ್ಸಿಯಂನೊಡನೆ ಬಂಧಿತವಾಗುವ ಟೆಟ್ರಾಸೈಕ್ಲಿನ್‌ಗೆ ಅದು ಸೂಕ್ತವಲ್ಲ.

ಮೆಕ್ಕೆಜೋಳದ ಪಿಷ್ಟ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳವು ಪಿಷ್ಟದ ಮುಖ್ಯ ಮೂಲಗಳಲ್ಲಿ ಒಂದು. ಆದರೆ ಸಾಮಾನ್ಯ ಪಿಷ್ಟದ ನುಣುಪಾದ ಪುಡಿ ಸರಾಗವಾಗಿ ಹರಿಯುವುದಿಲ್ಲ. ಒತ್ತಡ ತೆಗೆದೊಡನೆ ಅದರ ಕಣಗಳು ಹಿಗ್ಗುವುದರಿಂದ ಮಾತ್ರೆ ಬಿರಿಯಬಹುದು. ಆದ್ದರಿಂದ ಕಣಗಳ ಒಂದು ಭಾಗವನ್ನು ನೀರಿನೊಡನೆ ಸಂಸ್ಕರಿಸಿ ಒಡೆದು, ಒಣಗಿಸಿದ ಭಾಗಶಃ ಪ್ರೀಜೆಲಟಿನೈಸ್ಡ್ ಪಿಷ್ಟವನ್ನು ಬಳಸುತ್ತಾರೆ. ಇದು ಮಾತ್ರೆ ಹೊಟ್ಟೆಯಲ್ಲಿ ಬೇಗ ಬಿಡಿಯಾಗಲೂ ನೆರವಾಗುತ್ತದೆ.

ಆಯ್ಕೆಯ ಮಹತ್ವ

ಭರ್ತಿ ಪದಾರ್ಥಕ್ಕೆ ಸ್ವಂತ ಔಷಧಗುಣವಿಲ್ಲದಿದ್ದರೂ ಔಷಧದ ಪರಿಣಾಮವನ್ನು ಅದು ಬದಲಿಸಬಲ್ಲದು. 1960ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ, ಮೂರ್ಛೆರೋಗದ ಔಷಧವಾದ ಫೆನಿಟಾಯಿನ್‌ನ ಕ್ಯಾಪ್ಸೂಲ್‌ಗಳಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಬದಲಿಗೆ ಲ್ಯಾಕ್ಟೋಸ್ ಬಳಸಲಾಯಿತು. ಔಷಧದ ಪ್ರಮಾಣ ಮೊದಲಿನಷ್ಟೇ ಇದ್ದರೂ ದೇಹವು ಅದನ್ನು ಹೆಚ್ಚು ಹೀರಿಕೊಂಡು, ಅನೇಕ ರೋಗಿಗಳಲ್ಲಿ ವಿಷಲಕ್ಷಣಗಳು ಕಾಣಿಸಿಕೊಂಡವು. ಕ್ಯಾಪ್ಸೂಲ್‌ಗಳಲ್ಲಿ ಕಂಡ ಈ ಪಾಠ ಮಾತ್ರೆಗಳಿಗೂ ಅನ್ವಯಿಸುತ್ತದೆ.