ಹೊಸ ಮೊಣಕಾಲು ಬಂತು, ಉಸಿರನ್ನೂ ಕಾಯೋಣ

ಗಡಿಯಾಚೆಯ ಜತ್ತ ತಾಲೂಕಿನ ಬಿಳೂರಿನಂಥ ಕನ್ನಡ ಊರುಗಳಲ್ಲಿ ಹೊಲಮನೆಯ ದುಡಿಮೆಯಿಂದ ಮೊಣಕಾಲು ಸವೆದ ಹಿರಿಯರು ಎಷ್ಟೋ ಮಂದಿ. ಕೀಲು ಬದಲಾವಣೆ ಎಂದೊಡನೆ ನೆನಪಾಗುವುದು ಮಿರಜ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ತೆರೆದಂದಿನಿಂದ ಅದು ವೈದ್ಯರ ಊರೆಂದೇ ಹೆಸರಾಯಿತು. 2017ರ ಆಗಸ್ಟ್‌ನಲ್ಲಿ ಸರ್ಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿದ್ದರಿಂದ ಖರ್ಚಿನ ಭಾರವೂ ಸ್ವಲ್ಪ ಇಳಿಯಿತು.

ಈ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಿನವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಆದರೆ ನಾವೆಲ್ಲ ಕಾಲಿನ ಗಾಯವನ್ನೇ ನೋಡುತ್ತೇವೆ, ಉಸಿರನ್ನು ಮರೆಯುತ್ತೇವೆ. ಮಲಗಿಯೇ ಇದ್ದರೆ ಶ್ವಾಸಕೋಶದ ತಳಭಾಗ ಪೂರ್ತಿ ಅರಳದೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ನೋವು ನಿವಾರಕ ಮದ್ದು ಹೆಚ್ಚಾದರೆ ಉಸಿರಾಟ ನಿಧಾನವಾಗುತ್ತದೆ. ಜೋರಾಗಿ ಗೊರಕೆ ಹೊಡೆಯುವವರಿಗೆ ಈ ಅಪಾಯ ಹೆಚ್ಚು. ಎಲ್ಲಕ್ಕಿಂತ ಭಯಾನಕವಾದದ್ದು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು. ಮನೆಗೆ ಬಂದು ಕೆಲವು ವಾರಗಳ ಮೇಲೂ ಇದು ಸಂಭವಿಸಬಹುದು.

ನಮ್ಮ ಪ್ರೀತಿಯೇ ಇಲ್ಲಿ ಕೆಲವೊಮ್ಮೆ ತೊಡಕಾಗುತ್ತದೆ. "ಅವ್ವಾ, ಏಳಬ್ಯಾಡ, ಮಲಗು" ಎನ್ನುತ್ತೇವೆ. ವೈದ್ಯರು ನಡೆಸಿರಿ ಎಂದಿರುತ್ತಾರೆ. ಬಾತ ಮೀನಖಂಡಕ್ಕೆ ಎಣ್ಣೆ ಹಚ್ಚಿ ತಿಕ್ಕುತ್ತೇವೆ. ಹೆಪ್ಪು ಕಳಚಲು ಅದೇ ಕಾರಣವಾದೀತು. ನೋವು ಇಳಿಯಿತೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ನಾವೇ ನಿಲ್ಲಿಸುತ್ತೇವೆ. ಹೀಗೆ ಮಾಡದಿರೋಣ.

ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಬೀಡಿ, ಸಿಗರೇಟು ಬಿಡಬೇಕು. ಗೊರಕೆ, ಅಸ್ತಮಾ, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಯಾವುದನ್ನೂ ಮುಚ್ಚಿಡಬಾರದು. ಚೆಂಡುಗಳಿರುವ ಉಸಿರಾಟದ ಉಪಕರಣ ಕೊಟ್ಟರೆ ಹೇಳಿದಷ್ಟು ಸಲ ಎಳೆಯಬೇಕು.

ಥಟ್ಟನೆ ದಮ್ಮು ಹತ್ತಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ಕಣ್ಣು ಕತ್ತಲಿಟ್ಟರೆ "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿಸಿ ಕೂಡಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ, ಕೀಲು ಬದಲಾಯಿಸಿದ್ದನ್ನು ಮೊದಲೇ ತಿಳಿಸಿ. ಮರಾಠಿ ಬಾರದ ಹಿರಿಯರ ಜೊತೆಗೆ ಆ ಭಾಷೆ ಬಲ್ಲ ಒಬ್ಬರು ಇರಲಿ.

ಸಂತ ಎರಡನೇ ಜಾನ್ ಪೌಲರು 1994ರಲ್ಲಿ ಬಿದ್ದು ತೊಡೆಮೂಳೆ ಮುರಿದಾಗ ಅವರಿಗೂ ಕೃತಕ ಸೊಂಟದ ಕೀಲು ಜೋಡಿಸಲಾಗಿತ್ತು. ಮುಂದೆ ಕೋಲೂರಿಕೊಂಡೇ ದೇಶದೇಶ ಸುತ್ತಿದರು. ಶಸ್ತ್ರಚಿಕಿತ್ಸೆಗೆ ಮೊದಲು ಗುರುಗಳನ್ನು ಕರೆದು ರೋಗಿಗಳ ಅಭ್ಯಂಗ ಸಂಸ್ಕಾರ ಪಡೆಯೋಣ. ಅದು ಸಾಯುವವರಿಗೆ ಮಾತ್ರವಲ್ಲ. ಪ್ರಾರ್ಥನೆಯೂ ಇರಲಿ, ಮಾತ್ರೆಯೂ ತಪ್ಪದಿರಲಿ. ನಮ್ಮೊಳಗೆ ಉಸಿರೂದಿದ ದೇವರು ಅದನ್ನು ಕಾಯುವ ಹೊಣೆಯನ್ನು ನಮಗೂ ಒಪ್ಪಿಸಿದ್ದಾರೆ.